ಮೆಹಿಟಬಲ್ ಟ್ರೆಫ್ರಿ ಹಾಕಿದ ಆಣೆ

ಮ್ಯಾಸಚೂಸೆಟ್ಸ್ ಕರಾವಳಿಯ ನಮ್ಮ ಬಂದರಿನ ಸುಂಕದ ಕಚೇರಿಗೆ ಗುಮಾಸ್ತನಾಗಿ ಸೇರಿದ ವಾರವೇ ನಾನು ಮನೆಯಿಂದ ಬೆಕ್ಕೊಂದನ್ನು ಹೊತ್ತು ತಂದೆ. ಹಡಗುಗಳಿಗೆ ಕೊಡುವ ಪರವಾನಗಿಗಳ ಮೇಲಂಚೆಲ್ಲ ಅಂಕುಡೊಂಕಾಗಿತ್ತು; ಇಲಿ ಕಡಿದಿದೆ ಎಂದುಕೊಂಡಿದ್ದೆ. ಅದು ಬೇಕೆಂದೇ ಅಲೆಯಂತೆ ಕತ್ತರಿಸಿದ್ದು, ಮೇಲಿನ ತುಂಡು ಆಲ್ಜೀರ್ಸಿನ ಕಡಲುಗಳ್ಳರ ಹತ್ತಿರ ಇರುತ್ತದೆ, ನಡುಗಡಲಲ್ಲಿ ಅವರು ಹಡಗು ತಡೆದಾಗ ಎರಡೂ ಕೂಡಿದರೆ ಬಿಡುತ್ತಾರೆ, ಇಲ್ಲವಾದರೆ ನಾವಿಕರಿಗೆ ಸೆರೆಮನೆಯೇ ಗತಿ ಎಂದು ಕಚೇರಿಯ ಸಾಹೇಬರು ತಿಳಿಸಿದರು. ಬೆಕ್ಕಿನ ಹಾಲು ನನ್ನ ಖರ್ಚಿನದೆಂದೂ ಹೇಳಿದರು.

ಮೆಹಿಟಬಲ್ ಟ್ರೆಫ್ರಿ ಕಚೇರಿಗೆ ಬಂದದ್ದು ಆ ದಿನಗಳಲ್ಲೇ. ಗಂಡ ಕಡಲುಪಾಲಾದ ಮೇಲೆ ದಡದಲ್ಲಿ ಮೀನು ಒಣಗಿಸುತ್ತ, ಉಳಿದ ಒಂದೇ ಹಾಯಿಹಡಗು ‘ಡಾರ್ಕಸ್’ ಅನ್ನು ಕೈಬಿಡದೆ ನಡೆಸಿದವರು. ಹಡಗು ಉಪ್ಪುಮೀನು ತುಂಬಿಕೊಂಡು ಸ್ಪೇನಿಗೆ ಹೊರಟು ನಿಂತಿತ್ತು. ಪರವಾನಗಿಗೆ ಮಾಲೀಕರು ಹಡಗು ತಮ್ಮದೆಂದು ಖುದ್ದಾಗಿ ಆಣೆ ಹಾಕಬೇಕು. ಬೆನ್ನಿಗೇ ಅವರ ಮೈದುನ, ಚರ್ಚಿನ ಹಿರಿಯರಾದ ಅಮಾಸಾ ಬಂದರು.

“ಅತ್ತಿಗೆ, ನೀವು ಮನೆಗೆ ನಡೀರಿ. ಹಡಗಿನ ಕಾಗದ ಗಂಡಸರ ಹೆಸರಲ್ಲಿರ್ಲಿ.”

“ಹಡಗು ತುಂಬ ಗಂಡಸರೇ ಇದಾರೆ, ಅಮಾಸಾ. ಸಾಲದಾ?”

ಬಾಗಿಲಲ್ಲಿದ್ದ ನಾವಿಕರು ನಕ್ಕರು. ಸಾಹೇಬರು ನಗಲಿಲ್ಲ. ಕಾಗದದಲ್ಲಿ ಯಾರ ಹೆಸರು ಬಿದ್ದರೆ ಹಡಗು ಅವರದೇ ಎಂಬುದು ಎಲ್ಲರಿಗೂ ಗೊತ್ತು. ಆದರೂ ಹೆಂಗಸು ಆಣೆ ಹಾಕಿದ್ದನ್ನು ಎಂದೂ ಕಂಡಿರದ ಅವರು ಬೈಬಲ್ಲನ್ನು ಅಮಾಸಾ ಕಡೆಗೆ ಸರಿಸಿದರು. ನಾನಂತೂ ಮಹಾ ಚುರುಕಿನವನು, ಅಮಾಸಾರ ಹೆಸರು ಬರೆಯಲು ಆಗಲೇ ಲೇಖನಿ ಅದ್ದಿ ಕೂತಿದ್ದೆ.

ಮೆಹಿಟಬಲ್ ತಡೆಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

“ಹಾಕಪ್ಪ. ಎಲ್ಲರಿಗೂ ಕೇಳೋ ಹಾಗೆ ಹಾಕು. ಇಡೀ ಹಡಗು ನಂದೇ, ಇದರಲ್ಲಿ ಬೇರೆ ಯಾರದ್ದೂ ಒಂದು ಹಲಗೆ ಕೂಡ ಇಲ್ಲ ಅಂತ. ದೇವರಿಗೂ ಸ್ವಲ್ಪ ಕಿವಿ ಮಂದ ಇರಬಹುದು.”

ಅಮಾಸಾ ಬೈಬಲ್ ಮೇಲೆ ಕೈಯಿಟ್ಟರು. ಬಾಯಿ ತೆರೆದರು. ಮಾತು ಬರಲಿಲ್ಲ.

“ಭಾನುವಾರ ಗಂಟೆಗಟ್ಟಲೆ ಮಾತಾಡ್ತೀರಲ್ಲ ಹಿರಿಯರೇ, ಇವತ್ತೇನಾಯ್ತು?” ಎಂದ ಬಾಗಿಲಲ್ಲೊಬ್ಬ.

ಕೈ ಬೈಬಲ್ ಬಿಟ್ಟು ಟೋಪಿಯತ್ತ ಹೋಯಿತು. ಮನೆಯಲ್ಲೇನೋ ಕೆಲಸವಿದೆಯೆಂದು ಅಮಾಸಾ ಹೊರಟೇಬಿಟ್ಟರು. ಉಪ್ಪಿನಿಂದ ಬಿರಿದ ಅಂಗೈಯನ್ನು ಬೈಬಲ್ ಮೇಲಿಟ್ಟು ಮೆಹಿಟಬಲ್ ಹಾಕಿದ ಆಣೆ ಹಡಗುಕಟ್ಟೆಯ ತುದಿಯವರೆಗೂ ಕೇಳಿಸಿತು. ಅವರ ಹೆಸರನ್ನು ನಾನು ನನ್ನ ಅತಿ ಚೆಂದದ ಅಕ್ಷರದಲ್ಲಿ ಬರೆದೆ.

ಮಧ್ಯಾಹ್ನ ಕಡಲಿನ ಇಳಿತಕ್ಕೆ ‘ಡಾರ್ಕಸ್’ ಎಲ್ಲ ಹಾಯಿ ಬಿಚ್ಚಿ ಹೊರಟಾಗ, ಮೀನು ಸೀಳುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತು ತಲೆವಸ್ತ್ರ ಬೀಸಿದರು. ನಾನು ಮೆಹಿಟಬಲ್ ಪಕ್ಕ ನಿಂತು, ಕೇಳಬಾರದ್ದನ್ನು ಕೇಳಿದೆ:

“ಅಮ್ಮಾ, ಅವರು ಸುಳ್ಳಾಣೆ ಹಾಕಿಯೇ ಬಿಟ್ಟಿದ್ರೆ?”

“ಸೋಲ್ತಿದ್ದೆ. ನೀನು ಕಾಗದ ಬರೆದು ಅವನ ಕೈಗೇ ಕೊಡ್ತಿದ್ದೆ.”