ಮಾವನ ದೋಣಿಗೆ ತಂದ ಬಣ್ಣ

ವಿಜಯವಾಡದ ನನ್ನ ಮಾವ, ಹೆಂಡತಿಯ ತಂದೆ, ಪಾರ್ಶ್ವವಾಯು ಬಡಿದ ಬಲಗೈಯನ್ನು ಪಳಗಿಸಿಕೊಳ್ಳಲು ಆರು ತಿಂಗಳು ಕೂತು ಮೊಳದುದ್ದದ ದೋಣಿಯೊಂದನ್ನು ಕೆತ್ತಿದ್ದರು. ಭಾನುವಾರ ಅದನ್ನು ಕಾಲುವೆಯಲ್ಲಿ ತೇಲಿಸಿ ವಾಕಿಂಗ್ ಗೆಳೆಯರಿಗೆ ತೋರಿಸಬೇಕು. ಆ ಕೈ ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದಿದ್ದವರು ಆ ಗೆಳೆಯರೇ. ನೀರಿಗೆ ಜಗ್ಗದ ಬಣ್ಣ ತರುವ ಕೆಲಸ ವಿಶಾಖಪಟ್ಟಣದಲ್ಲಿದ್ದ ನನ್ನ ಪಾಲಿಗೆ ಬಂತು.

ಆಗ ನಾನು ಅಲ್ಲೇ ಹತ್ತಿರದ ಪರವಾಡದ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೆ. ಚೀಟಿಯ ಮೇಲೆ ಬರೆದದ್ದನ್ನು ನಂಬದಿರುವುದೇ ನನ್ನ ಕೆಲಸ. ಊರೊಳಗಿನ ದ್ವಾರಕಾ ನಗರದ ಅಂಗಡಿಯಿಂದ ‘ವಾಟರ್‌ಪ್ರೂಫ್’ ಎಂದು ಬರೆದ ಬಣ್ಣವನ್ನೂ ಮೀನು ಬಂದರಿನ ಅಂಗಡಿಯಿಂದ ಚೀಟಿಯೇ ಇಲ್ಲದ ನೀಲಿ ಎನಾಮಲನ್ನೂ ಸ್ವಲ್ಪಸ್ವಲ್ಪ ತಂದೆ. ಎರಡು ಮರದ ತುಂಡುಗಳಿಗೆ ಬಳಿದು, ಎರಡು ದಿನ ಒಣಗಿಸಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟೆ. ಮೂರನೆಯ ದಿನ ಮೊದಲನೆಯದು ಗುಳ್ಳೆ ಎದ್ದು ಉಗುರಿಗೇ ಸುಲಿದು ಬಂತು. ನೀಲಿ ಹಾಗೇ ಇತ್ತು.

ಆದರೂ ಅನುಮಾನ. ಮಾದರಿಗೆ ಒಳ್ಳೆಯದನ್ನು ಕೊಟ್ಟು, ಮಾರುವಾಗ ಸೀಮೆಎಣ್ಣೆ ಬೆರೆಸಿದರೆ? ಅಂಗಡಿಯವನ ಕೊಳಕು ಡಬ್ಬಿ ಬೇಡವೆಂದು ಮನೆಯಿಂದ ತೊಳೆದ ಬಾಟಲಿ ಒಯ್ದು, ಕಣ್ಣೆದುರೇ ತುಂಬಿಸಿಕೊಂಡೆ.

“ಮಾ ಡಬ್ಬಾ ಕರುಸ್ತುಂದಾ ಸಾರ್?” ನಮ್ಮ ಡಬ್ಬಿ ಕಚ್ಚುತ್ತದೆಯೇ ಎಂದು ಅವನು ನಕ್ಕ.

ಬಾಟಲಿ ಪರಿಚಿತರೊಬ್ಬರ ಕೈಯಲ್ಲಿ ವಿಜಯವಾಡಕ್ಕೆ ಹೋಯಿತು. ಬಳಿದ ಮರುದಿನ ಫೋನು ಮಾಡಿದೆ.

“ಬಣ್ಣ ಹ್ಯಾಂಗದ ಮಾವಾರ?”

“ತಡಿ, ಅಲ್ಲುಡುಗಾರು.”

ಅದರ ಮರುದಿನವೂ, ಆಮೇಲಿನ ದಿನವೂ ಅಷ್ಟೇ: “ಇನ್ನೂ ತಡಿ.”

ಅತ್ತೆ ನಮ್ಮ ಧಾರವಾಡದವರು. ಮಾವ ತೆಲುಗರಾದರೂ ಅವರಿಂದ ಕನ್ನಡ ಕಲಿತಿದ್ದರು. ಅಳಿಯನಾದ ನನ್ನನ್ನು ‘ಅಲ್ಲುಡುಗಾರು’ ಎಂದೇ ಕರೆಯುತ್ತಿದ್ದ ಅವರು ಎಂದೂ ಬಹುವಚನ ಬಿಟ್ಟವರಲ್ಲ. ಈಗ ‘ತಡೀರಿ’ ಎನ್ನದೆ ಬರೀ ‘ತಡಿ’ ಎನ್ನುತ್ತಿದ್ದಾರೆಂದರೆ ಏನೋ ಕೆಡಿಸಿಕೊಂಡು ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಶನಿವಾರದ ರೈಲು ಹತ್ತಿದೆ.

ದೋಣಿ ಕಿಟಕಿಯಲ್ಲಿತ್ತು. ಮುಟ್ಟಿದೆ. ಬೆರಳು ಅಂಟಿಕೊಂಡಿತು.

“ಇದಿನ್ನೂ ಹಸೀನ ಅದ.”

“ನಾಲ್ಕು ದಿನದಿಂದ ನಾನು ಅದೇ ಚೆಪ್ತಾ ಇದ್ದೀನಲ್ಲಾ. ತಡಿ, ತಡಿ ಅಂತ.”

ತೆಲುಗಿನಲ್ಲಿ ತಡಿ ಎಂದರೆ ಒದ್ದೆ. ನನಗೆ ಗೊತ್ತಿದ್ದ ಪದವೇ.

ಅಂಗಡಿಯವನನ್ನು ಬೈಯುತ್ತ, ಸೀಮೆಎಣ್ಣೆಯ ವಾಸನೆ ಹಿಡಿಯಲು ಬಾಟಲಿಯ ಮುಚ್ಚಳ ತೆಗೆದೆ. ಎನಾಮಲಿನ ಘಾಟಿನ ಅಡಿಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಬಂತು. ನಾನು ತೊಳೆದಿದ್ದೇನೆ ಎಂದುಕೊಂಡ, ನನ್ನದೇ ತಲೆಯೆಣ್ಣೆಯ ಬಾಟಲಿ; ತಳದಲ್ಲಿ ಉಳಿದ ಎಣ್ಣೆ ಬಣ್ಣವನ್ನು ಒಣಗಗೊಟ್ಟಿರಲಿಲ್ಲ. ಮಾವನ ಕೈಗೆ ಕೊಟ್ಟೆ. ಅವರೂ ಮೂಸಿದರು.

“ದೋಣಿಗೂ ತಲೆಗೂ ಒಂದೇ ಬಾಟ್ಲಾ, ಅಲ್ಲುಡುಗಾರು?”

ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಒರೆಸತೊಡಗಿದೆ. ಕೆತ್ತಿದ ಗೆರೆಗಳಲ್ಲಿ ಜೋರಾಗಿ ಉಜ್ಜುತ್ತಿದ್ದೇನೆಂದು ಮಾವ ಬಟ್ಟೆಯನ್ನು ಕಿತ್ತುಕೊಂಡರು, ಬಲಗೈಯಿಂದ. ಸಂಜೆಯವರೆಗೂ ಅವರೇ ಒರೆಸಿದರು.

ಬಣ್ಣವಿಲ್ಲದ ದೋಣಿ ಭಾನುವಾರ ಕಾಲುವೆಗೆ ಇಳಿಯಲಿಲ್ಲ. ಬಾಗಿಲಿಗೆ ಬಂದ ಗೆಳೆಯರು ಮೊದಲು ನೋಡಿದ್ದು ಮಣಿಕಟ್ಟಿನವರೆಗೆ ನೀಲಿಯಾಗಿದ್ದ ಆ ಕೈಯನ್ನು. ಮಾವ ಅದೇ ಕೈಯಿಂದ ಅವರಿಗೆಲ್ಲ ಚಹಾ ಲೋಟ ಹಂಚಿದರು. ಒಂದಿಷ್ಟು ತುಳುಕಿತು.

ಸೋಮವಾರ ಬಂದರಿನ ಅಂಗಡಿಗೆ ಬರಿಗೈಯಲ್ಲಿ ಹೋದೆ. ಅವನು ನನ್ನ ಕೈಗಳನ್ನು ನೋಡಿ, ಒಳಗಿನಿಂದ ತನ್ನ ಡಬ್ಬಿಯನ್ನು ತಂದ.

“ಸೀಸಾ ಲೇದಾ ಸಾರ್, ಈ ರೋಜು?”

ಇವತ್ತು ಬಾಟಲಿ ಇಲ್ಲ, ನಿಮ್ಮ ಡಬ್ಬಿಯಲ್ಲೇ ಕೊಡಿ ಎಂದೆ.