ಗಂಜಿಗೆ ಬಿದ್ದ ಒಗ್ಗರಣೆ

ನಮ್ಮ ದೊಡ್ಡಪ್ಪನಿಗೆ, ಅಂದರೆ ಅಪ್ಪನ ಅಣ್ಣನಿಗೆ, ಎರಡೇ ಕೆಲಸ ಗೊತ್ತಿದ್ದವು: ನೇಯುವ ನೂಲಿಗೆ ಬಿಗಿ ಬರಲು ಗಂಜಿ ಕಾಯಿಸುವುದು, ಮನೆಮಂದಿಗೆ ಅಡುಗೆ ಮಾಡುವುದು. ನೆಂಟರನ್ನು ಊಟಕ್ಕೆ ಕರೆಯುವುದೂ ಇತ್ತು, ಆದರೆ ಅದನ್ನು ಅವನು ಕೆಲಸವೆಂದು ಹಿಡಿಯುತ್ತಿರಲಿಲ್ಲ. ಬನಹಟ್ಟಿಯ ನಮ್ಮ ನೇಕಾರರ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತಿದ್ದವು. ಆ ದಿನ ಜಮಖಂಡಿ, ಮುಧೋಳ, ಬೀಳಗಿ ಕಡೆಯಿಂದ ಯಾರಾದರೂ ಊಟಕ್ಕೆ ಬರಲೇಬೇಕು. ಬರದಿದ್ದರೆ ಅವರಿಗೇನೋ ಜಡ್ಡಾಗಿದೆ ಎಂದೇ ಅವನ ತೀರ್ಮಾನ. ಮರುದಿನ ಡಬ್ಬಿ ಕಟ್ಟಿಕೊಂಡು ಬಸ್ ಹತ್ತಿ ನೋಡಲು ಹೋಗುತ್ತಿದ್ದ.

ಹೆಂಡತಿ ಬೇಗ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಹಾಗಾಗಿ ಬಳಗದ ಮಕ್ಕಳೆಲ್ಲ ಅವನವೇ. "ಯಾಕ ಸೊರಗೀಯಲೇ?" ಎಂಬುದು ಅವನ ನಮಸ್ಕಾರ. ನಮ್ಮ ಸೋದರತ್ತೆಯ ಗಂಡನಿಗೂ ಹಾಗೇ ಕೇಳುತ್ತಿದ್ದ. ಆ ಮನುಷ್ಯನೋ, ನಮ್ಮ ಬಾಗಿಲಲ್ಲಿ ಓರೆಯಾಗಿ ನುಸುಳಿ ಒಳಗೆ ಬರುವಷ್ಟು ದಪ್ಪ.

ಅವ್ವನಿಗೂ ದೊಡ್ಡಪ್ಪನಿಗೂ ನೇರ ಮಾತಿರಲಿಲ್ಲ. ಜಗಳವೇನೂ ಇಲ್ಲ, ಪದ್ಧತಿ. ಗಂಡನ ಅಣ್ಣ ಎದುರಿದ್ದರೆ ಹೆಂಗಸು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲಬೇಕು, ಹೇಳುವುದನ್ನು ಮಕ್ಕಳ ಬಾಯಿಂದ ಹೇಳಿಸಬೇಕು. ಅವನು ಒಲೆಯ ಮುಂದೆ, ಅವಳು ಬಾಗಿಲ ಹಿಂದೆ, ನಡುವೆ ನಾನು, ಮನೆಯ ಹುಡುಗಿ.

"ನಿಮ್ಮ ದೊಡ್ಡಪ್ಪಗ ಹೇಳು, ಎಣ್ಣಿ ನಳದಾಗ ಬರೂದಿಲ್ಲ."

"ನಿಮ್ಮವ್ವಗ ಹೇಳು, ಎಣ್ಣಿ ಇಲ್ಲದ ಪಲ್ಯಾ ದವಾಖಾನಿಗಿ ಒಯ್ಯಾಕ ಛಲೋ."

ಇಬ್ಬರಿಗೂ ಇಬ್ಬರ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ನಾನು ದಾಟಿಸಬೇಕು. ಸುಮ್ಮನೆ ದಾಟಿಸಲು ನನಗೇನು ಹುಚ್ಚೇ? "ದೊಡ್ಡಪ್ಪಾ, ಅವ್ವ ಅಂತಾಳ, ನಿನ್ನ ಕೈ ಅಡಗಿ ಅಂದ್ರ ಅಡಗಿ, ಇನ್ನೊಂದೀಟು ಎಣ್ಣಿ ಹಾಕು ಅಂತ." ಅವನು ಹೊಟ್ಟೆ ಹಿಡಿದು ನಗುತ್ತಿದ್ದ. ಬಾಗಿಲ ಹಿಂದಿನಿಂದ ಒಂದು ಕೈ ಬಂದು ನನ್ನ ರಟ್ಟೆ ಚಿವುಟುತ್ತಿತ್ತು.

ನಾನು ಬಸ್ಸಿನಲ್ಲಿ ಜಮಖಂಡಿಯ ಕಾಲೇಜಿಗೆ ಓಡಾಡುತ್ತಿದ್ದ ಕಾಲಕ್ಕೆ ಒಂದು ಅನಾಹುತವಾಯಿತು. ಅಂಗಳದಲ್ಲಿ ಎರಡು ಒಲೆ. ಒಂದರ ಮೇಲೆ ಬಿಳಿ ನೂಲಿಗೆ ಹಾಕುವ ಗಂಜಿ, ಇನ್ನೊಂದರ ಮೇಲೆ ಮಧ್ಯಾಹ್ನದ ಮಜ್ಜಿಗೆ ಸಾರು. ಎರಡೂ ಬೆಳ್ಳಗೆ, ಎರಡೂ ಕುತಕುತ ಕುದಿಯುತ್ತಿದ್ದವು. ದೊಡ್ಡಪ್ಪ ಎರಡನ್ನೂ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ಹದ ನೋಡಿದ. ಆಮೇಲೆ ಬೆಳ್ಳುಳ್ಳಿ, ಸಾಸಿವೆ, ಕರಿಬೇವು, ಅರಿಷಿಣದ ಭರ್ಜರಿ ಒಗ್ಗರಣೆ ಮಾಡಿ ಚೊಂಯ್ ಎಂದು ಗಂಜಿಗೆ ಸುರಿದ.

ಅಪ್ಪನಿಗೆ ಆ ದಿನ ನೆಗಡಿ. ವಾಸನೆ ಹತ್ತಲಿಲ್ಲ. ಯಾರೊಂದಿಗೋ ಮಾತಾಡುತ್ತ ನೂಲಿನ ಲಡಿಗಳನ್ನು ಗಂಜಿಯಲ್ಲಿ ಅದ್ದಿ, ಹಿಂಡಿ, ಒಣಗಲು ಬಿದಿರ ಗಳುವಿನ ಮೇಲೆ ಹಾಕುತ್ತ ಹೋದ. ತಿರುಗಿ ನೋಡಿದಾಗ ಬಿಳಿ ನೂಲೆಲ್ಲ ಹಳದಿ, ಲಡಿಗೊಂದು ಕರಿಬೇವಿನ ಎಲೆ.

"ಅಣ್ಣಾ, ಏನಿದು?" ಎಂದು ಅಪ್ಪ ಕಿರುಚಿದ.

ದೊಡ್ಡಪ್ಪ ಓಡಿ ಬಂದು, ತೊಟ್ಟಿಕ್ಕುತ್ತಿದ್ದ ಲಡಿಗೆ ಬೆರಳು ಸವರಿ ನೆಕ್ಕಿದ. "ಉಪ್ಪ ಕಡಿಮಿ ಆಗೇತಿ," ಅಂದ.

ನೂಲು ಚೆಲ್ಲಲು ಮನಸ್ಸು ಬರದೆ ಅಪ್ಪ ಅದರಲ್ಲೇ ಸೀರೆ ನೇಯಿಸಿದ. ಬಿಸಿಲಿಗೆ ಅರಿಷಿಣದ ಬಣ್ಣವೇನೋ ಹೋಯಿತು, ಬೆಳ್ಳುಳ್ಳಿಯ ವಾಸನೆ ಹೋಗಲಿಲ್ಲ. ವ್ಯಾಪಾರಿ ಮೂಸಿ ನೋಡಿ, "ಇದನ್ನ ಉಡಬೇಕೋ, ಉಣ್ಣಬೇಕೋ?" ಎಂದು ಗಂಟು ಹಿಂದಕ್ಕೆ ತಳ್ಳಿದ. ಇನ್ನೇನು ಮಾಡುವುದು? ಅದೇ ಹೊತ್ತಿಗೆ ಸೋದರತ್ತೆಯ ಮನೆ ಒಕ್ಕಲು ಬಂತು. ಆಲಮಟ್ಟಿಯ ಹಿನ್ನೀರಿಗೆ ಅವರ ಹಳೆಯ ಊರು ಹೋಗಿ, ಬೀಳಗಿ ಕಡೆ ಹೊಸ ಊರಲ್ಲಿ ಮನೆ ಕಟ್ಟಿದ್ದರು. ತವರಿನ ಉಡುಗೊರೆಯೆಂದು ಬಳಗದ ಹೆಂಗಸರಿಗೆಲ್ಲ ಅವೇ ಸೀರೆ ಹಂಚಿದೆವು.

ಅವತ್ತಿನ ಬಿಸಿಲು ನೆನೆದರೆ ಈಗಲೂ ನಗು ಬರುತ್ತದೆ. ಹೆಂಗಸರೆಲ್ಲ ಒಂದೇ ಬಗೆಯ ಸೀರೆ ಉಟ್ಟು ತಗಡಿನ ಚಪ್ಪರದಡಿ ಸೇರಿದರು. ಮೈ ಬೆವರಿದಂತೆಲ್ಲ ಸೀರೆಗಳು ಘಮಘಮ ಅನ್ನತೊಡಗಿದವು. ಅಡುಗೆ ಇನ್ನೂ ಒಲೆಯ ಮೇಲಿತ್ತು. ಅಷ್ಟರಲ್ಲಿ ಗಂಡಸರು ಒಗ್ಗರಣೆಯ ವಾಸನೆ ಹಿಡಿದು ಊಟಕ್ಕೆ ಸಾಲಾಗಿ ಕೂತೇಬಿಟ್ಟರು. ಎಲ್ಲರಿಗಿಂತ ಹೆಚ್ಚು ನಕ್ಕವನು ದೊಡ್ಡಪ್ಪನೇ.

ಅವ್ವ ಮಾತ್ರ ನಗಲಿಲ್ಲ. ನಾವು ನೋಡದ್ದನ್ನು ಅವಳು ನೋಡಿದ್ದಳು. ಅಡುಗೆಮನೆಯ ಗ್ಯಾಸ್ ಒಲೆ ಉರಿಯಲು ಬಿಟ್ಟು ಅವನು ಹೊರಗೆ ಹೋಗಿದ್ದ. ಹಾಲನ್ನು ಕುಡಿಯುವ ನೀರಿನ ಕೊಡಕ್ಕೆ ಸುರಿದಿದ್ದ. ಉಂಡೆದ್ದವರನ್ನು ಕೈ ತೊಳೆಯುವಲ್ಲೇ ನಿಲ್ಲಿಸಿ "ಉಂಡ್ರಿಲ್ಲೋ?" ಎಂದು ಕೇಳುತ್ತಿದ್ದ. ಒಂದು ಬೆಳಿಗ್ಗೆ ಬಾಗಿಲ ಹಿಂದಿನಿಂದ ಅವಳ ದನಿ ಬಂತು.

"ನಿಮ್ಮ ದೊಡ್ಡಪ್ಪಗ ಹೇಳು. ಇನ್ನ ಮ್ಯಾಲ ಒಲಿ ಮುಂದ ಬರೂದು ಬ್ಯಾಡ."

ಈ ಮಾತನ್ನು ತಿರುಚಲು ನನಗೆ ಬುದ್ಧಿ ಓಡಲಿಲ್ಲ. ಅವನಿಗೆ ಕೇಳಿಸಿತ್ತು. ಸೌಟು ಕೆಳಗಿಟ್ಟು, "ನಿಮ್ಮವ್ವಗ ಹೇಳು, ಆತು ಅಂತ," ಎಂದು ಹೊರಗೆ ಹೋದ. ನನಗೆ ಅವ್ವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಒಲೆಯಿಂದ ಎಬ್ಬಿಸಿದರೆ ಈ ಮನುಷ್ಯ ಉಳಿಯುತ್ತಾನೆಯೇ?

ಅವನು ಸುಮ್ಮನೆ ಕೂರುವ ಗಿರಾಕಿಯಲ್ಲ. ಚೀಲದಲ್ಲಿ ಖಾರಪುಡಿಯ ಡಬ್ಬಿ ಹಾಕಿಕೊಂಡು ಬಸ್ ಹತ್ತಿದ. ಒಂದು ದಿನ ಮುಧೋಳದಲ್ಲಿ ಅಡುಗೆ, ಇನ್ನೊಂದು ದಿನ ಜಮಖಂಡಿಯಲ್ಲಿ, ಆಮೇಲೆ ಅತ್ತೆಯ ಹೊಸ ಮನೆಯಲ್ಲಿ. ನೆಂಟರ ಮನೆಯ ಹೆಂಗಸರಿಗೆ ರಜೆ ಸಿಕ್ಕು ಹಬ್ಬವಾಯಿತು. ನಮ್ಮ ಮನೆಗೆ ಫೋನು ಬರತೊಡಗಿದವು. "ಯಾಕ ಅಕ್ಕಾರ, ಹಿರಿಯಾರ್ನ ಅಡಗಿಮನ್ಯಾಗ ಬಿಟ್ಟಗೊಳ್ಳೂದಿಲ್ಲಂತ? ಪಾಪ, ಎಷ್ಟ ಸೊರಗ್ಯಾರ!" ಅವ್ವ ಫೋನನ್ನು ಕುಕ್ಕಿ ಇಡುತ್ತಿದ್ದಳು. ಭಾವ ಊರೂರು ತಿರುಗಿ ನನ್ನ ಮಾನ ಹರಾಜು ಹಾಕುತ್ತಿದ್ದಾರೆ ಎಂದು ಅವಳ ಗೋಳು. ನನಗೆ ಒಳಗೊಳಗೇ ಖುಷಿ.

ಆ ಖುಷಿ ಬಹಳ ದಿನ ಬಾಳಲಿಲ್ಲ. ಒಂದು ಮಧ್ಯಾಹ್ನ ಕಾಲೇಜು ಮುಗಿಸಿ ಜಮಖಂಡಿ ಬಸ್ ನಿಲ್ದಾಣಕ್ಕೆ ಬಂದರೆ ಕಲ್ಲುಬೆಂಚಿನ ಮೇಲೆ ದೊಡ್ಡಪ್ಪ ಕೂತಿದ್ದ. ತೊಡೆಯ ಮೇಲೆ ಬಾಡಿದ ಮೆಂತ್ಯಸೊಪ್ಪಿನ ಕಟ್ಟು. ಪಕ್ಕದಲ್ಲಿದ್ದ, ಗುರುತಿಲ್ಲದ ಕುಟುಂಬವೊಂದಕ್ಕೆ ಕಡಲೆಹಿಟ್ಟಿನ ಝುಣಕ ಮಾಡುವ ಬಗೆ ವಿವರಿಸುತ್ತಿದ್ದ. ಅವರ ಬಸ್ಸು ಬಂತು, ಹೋದರು. ಅವನು ಏಳಲಿಲ್ಲ.

"ಯಾರ ಮನೀಗಿ ಹೊಂಟೀಯೋ ದೊಡ್ಡಪ್ಪಾ?"

ಅವನು ನನ್ನನ್ನು ನೋಡಿದ, ಸೊಪ್ಪನ್ನು ನೋಡಿದ. "ಯಾರದರ ಆಗಲಿ," ಅಂದ. "ನಮ್ಮವರ ಮನೀನ."

ಮನೆಗೆ ಕರೆತಂದು ಅವ್ವನಿಗೆ ಹೇಳಿದೆ. ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಎರಡು ಮಣೆ ತಂದು, ಅಡುಗೆಮನೆಯ ನೆಲದ ಮೇಲಿದ್ದ ಗ್ಯಾಸ್ ಒಲೆಯ ಮುಂದೆ ಜೋಡಿಸಿ ಹಾಕಿದಳು. ಒಂದರ ಮೇಲೆ ತಾನು ಕೂತಳು.

"ಭಾವಾರ, ಬರ್ರಿ," ಎಂದು ಕೂಗಿದಳು. "ನೀವು ಮಾಡ್ರಿ. ನಾ ಬಾಜೂಕ ಕುಂದರ್ತೀನಿ."

ನಾನು ಹುಟ್ಟಿದಾಗಿನಿಂದ ಕೇಳಿರದ ಮಾತು. ದೊಡ್ಡಪ್ಪ ಗಾಬರಿಯಾಗಿ ನನ್ನ ಕಡೆ ತಿರುಗಿದ. "ನಿಮ್ಮವ್ವಗ ಹೇಳು..."

"ನನಗ ಹೇಳ್ರಿ," ಅಂದಳು ಅವ್ವ. "ಆ ಹುಡುಗಿ ಬರೇ ಸುಳ್ಳ ಹೇಳ್ತಾಳ."

ಅವನು ಕೂತ. ಅವಳು ಗ್ಯಾಸ್ ಒಲೆಯ ಕಿವಿ ಹಿಡಿದು ಕೂತಳು, ಒಗ್ಗರಣೆ ಯಾವ ಪಾತ್ರೆಗೆ ಹೋಗುತ್ತದೆಂದು ಕಣ್ಣಿಟ್ಟಳು. ಎಣ್ಣೆಯ ಜಗಳ ಈಗ ನೇರವಾಗಿ, ಮೊದಲಿಗಿಂತ ಜೋರಾಗಿ ನಡೆಯಿತು. ನನ್ನ ಕೆಲಸ ಹೋಯಿತು.

ಮಧ್ಯಾಹ್ನ ಬಳಗವೆಲ್ಲ ಬಂತು. ದೊಡ್ಡಪ್ಪ ತಾನೇ ಬಡಿಸುತ್ತೇನೆಂದು ಹಟ ಹಿಡಿದ. ಅತ್ತೆಯ ಗಂಡ ತುಂಟತನಕ್ಕೆ "ನಾ ಯಾರ ಹೇಳ್ರಿ ನೋಡೋಣು?" ಅಂದರೆ "ಮೊದಲ ಉಣ್ಣು, ಆಮ್ಯಾಲ ಹೇಳ್ತೀನಿ," ಎಂದು ಜಾರಿಕೊಂಡ. ಸಾಲೆಲ್ಲ ನಕ್ಕಿತು. ನನ್ನ ತಾಟಿನ ಮುಂದೆ ಬಂದವನು ನಿಂತುಬಿಟ್ಟ. ಬದನೆಕಾಯಿ ಪಲ್ಯದ ಪಾತ್ರೆ ಕೈಯಲ್ಲೇ ಇತ್ತು. ಮುಖ ನೋಡಿದ, ಮತ್ತೆ ನೋಡಿದ.

"ನಿನ್ನ ಹೆಸರ ಬಾಯಿಗಿ ಬರವಲ್ದು ನೋಡಬೇ," ಎಂದು ಯಾರಿಗೂ ಕೇಳದ ಹಾಗೆ ಹೇಳಿದ. ಅವನು ಪಾತ್ರೆ ಕೆಳಗಿಟ್ಟು, ಒಳಗೆ ಹೋಗಿ ಒಂದು ಸಣ್ಣ ಬಟ್ಟಲು ತಂದ.

"ಬದನಿಕಾಯಿ ತಿಂದ್ರ ನಿನಗ ತುಟಿ ಕೆರಿತೈತಿ. ಹೀರೀಕಾಯಿ ಪಲ್ಯಾ ನಿಂದಷ್ಟ ಬ್ಯಾರೆ ಮಾಡೇನಿ. ಉಣ್ಣು."

ನಾನು ಅವ್ವನ ಕಡೆ ನೋಡಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ನಾ ಹೇಳಿಕೊಟ್ಟಿಲ್ಲ," ಅಂದಳು.