ಮುಂದಿನ ಚಕ್ರದ ಪಿನ್ನು

ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ, ಬೆಳಿಗ್ಗೆ ಏಳೂ ಕಾಲಿಗೆ, ನಾನು ಕಾಮಾಕ್ಷಿಪಾಳ್ಯದಲ್ಲಿ ಮೇಸ್ತ್ರಿಯ ಷೆಡ್ಡಿನ ಮುಂದೆ, ಷಟರಿನ ಎಡಕ್ಕಿದ್ದ ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದೆ. ಗೆಳೆಯನ ಗಾಡಿಯ ಮುಂದಿನ ಚಕ್ರ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಬೆಳಕು ಚೆನ್ನಾಗಿ ಬಂದಿತ್ತು. ನಡುವೆ ಯಾರೂ ಅಡ್ಡ ಇರಲಿಲ್ಲ. ಇಷ್ಟನ್ನು ಮೊದಲೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಆ ಚಕ್ರಕ್ಕೆ ಪಿನ್ನು ಹಾಕುವುದನ್ನು ಮೇಸ್ತ್ರಿ ಮರೆತರು ಎಂದು ನಮ್ಮ ಕಡೆಯ ಹುಡುಗರು ಇವತ್ತಿಗೂ ಹೇಳುತ್ತಾರೆ. ಮೇಸ್ತ್ರಿ ಮರೆತಿರಲಿಲ್ಲ.

ಅವರು ಹಳೆಯ ಬುಲೆಟ್ಟುಗಳನ್ನು ಕತ್ತರಿಸಿ ಚಾಪರ್ ಮಾಡಿಕೊಡುತ್ತಿದ್ದರು: ಮುಂದಿನ ಚಕ್ರ ಮಾರು ದೂರಕ್ಕೆ ಚಾಚಿಕೊಂಡಿರುವ, ಸೀಟು ನೆಲಕ್ಕೆ ಹತ್ತಿರವಿರುವ, ಹ್ಯಾಂಡಲ್ ಭುಜದೆತ್ತರಕ್ಕೆ ಬರುವ ಗಾಡಿ. ನನ್ನದನ್ನು ಮೊದಲು ಮಾಡಿದ್ದರು. ಹದಿನಾಲ್ಕು ತಿಂಗಳು ಹಿಡಿಯಿತು. ನೀರಿನ ಹನಿಯ ಆಕಾರದ ಟ್ಯಾಂಕು ಬೇಕು ಎಂದು ನಾನು ಕೇಳಿದ್ದಾಗ, "ಅದೆಲ್ಲ ಬೇಡ ಬಿಡಪ್ಪ, ತಗಡು ಬಡಿಯೋ ಕೈ ಇಲ್ಲ ಈಗ ನಂದು" ಎಂದು ರೆಡಿಮೇಡ್ ಟ್ಯಾಂಕನ್ನೇ ಕೂರಿಸಿದ್ದರು. ಮರುವರ್ಷ ಗೆಳೆಯ ತನ್ನ ಗಾಡಿ ತಂದ. ನಾವಿಬ್ಬರೂ ರಾಜಾಜಿನಗರದ ಒಂದೇ ಶಾಲೆಯಲ್ಲಿ ಓದಿದವರು. ಮೇಸ್ತ್ರಿಯ ಪರಿಚಯ ಮಾಡಿಸಿದ್ದೂ ನಾನೇ. ಅವನು ಟ್ಯಾಂಕು ಕೇಳಲೇ ಇಲ್ಲ. ಮೇಸ್ತ್ರಿ ತಾವಾಗಿ ಒಂದು ಮರಳಿನ ಚೀಲದ ಮೇಲೆ ತಗಡಿಟ್ಟು, ಮರದ ಸುತ್ತಿಗೆಯಲ್ಲಿ ಹನ್ನೊಂದು ದಿನ ಬಡಿದು ಹನಿಯಂಥ ಟ್ಯಾಂಕು ಮಾಡಿದರು. ಹನ್ನೊಂದು ದಿನವೂ ನಾನು ಒಂದಲ್ಲ ಒಂದು ನೆಪ ಮಾಡಿಕೊಂಡು ಹೋಗಿ ನೋಡಿ ಬರುತ್ತಿದ್ದೆ.

ಮೇಸ್ತ್ರಿಗೆ ಒಂದು ಪದ್ಧತಿಯಿತ್ತು. ಬಿಗಿ ಮಾಡಿ ಮುಗಿಸಿದ ಪ್ರತಿ ನಟ್ಟಿಗೂ ಒಂದು ಹಳದಿ ಬಣ್ಣದ ಚುಕ್ಕೆ ಇಡುತ್ತಿದ್ದರು. "ಚುಕ್ಕೆ ಇದ್ರೆ ನಾನು ಮುಟ್ಟಿದೀನಿ ಅಂತ. ಇಲ್ದಿದ್ರೆ ಗಾಡಿ ಹತ್ತಬೇಡಿ" ಎನ್ನುತ್ತಿದ್ದರು. ಮುಂದಿನ ಚಕ್ರದ ನಟ್ಟಿಗೆ ಚುಕ್ಕೆ ಇಡುವ ಮೊದಲು ಅದರ ತೂತಿನಲ್ಲಿ ಒಂದು ಸಣ್ಣ ತಂತಿಯ ಪಿನ್ನು ತೂರಿಸಿ ತುದಿಗಳನ್ನು ಮಡಚುತ್ತಿದ್ದರು. ಓಡುವಾಗಿನ ಅದುರಾಟಕ್ಕೆ ನಟ್ಟು ಸಡಿಲವಾಗದಂತೆ ತಡೆಯುವುದು ಆ ಪಿನ್ನೇ.

ಆ ಭಾನುವಾರ ಕೆಂಗೇರಿಯ ಮೈದಾನದಲ್ಲಿ ಬೈಕ್ ಷೋ ಇತ್ತು. ಮೇಸ್ತ್ರಿ ನಿಂಬೆಹಣ್ಣು ತರಲು ಅಂಗಡಿಗೆ ಹೋಗಿದ್ದರು. ಗೆಳೆಯ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಹೊಸದಾಗಿ ತರಿಸಿದ್ದ ಕ್ರೋಮ್ ಟೋಪಿಯನ್ನು ನಟ್ಟಿನ ಮೇಲೆ ಕೂರಿಸಲು ನೋಡಿದ. ಪಿನ್ನಿನ ಮಡಚಿದ ತುದಿಗಳು ತಡೆದವು. ಕಟಿಂಗ್ ಪ್ಲೇಯರ್ ತೆಗೆದುಕೊಂಡು ತುದಿ ನೆಟ್ಟಗೆ ಮಾಡಿ ಪಿನ್ನು ಎಳೆದ. ಟೋಪಿ ನುಣ್ಣಗೆ ಕೂರಲೆಂದು ತಿನ್ನರ್ ಅದ್ದಿದ ಬಟ್ಟೆಯಿಂದ ಹಳದಿ ಚುಕ್ಕೆಯನ್ನೂ ಒರೆಸಿದ. ಟೋಪಿ ಟಕ್ಕೆಂದು ಕೂತಿತು.

ಎದುರಿನ ಟೀ ಅಂಗಡಿಯ ಅಕ್ಕ ಆಗಷ್ಟೇ ಟೀ ತಂದಿದ್ದರು. "ಅದೇನಪ್ಪಾ ಕಿತ್ತು ಜೇಬಿಗೆ ಹಾಕ್ಕೊಂಡೆ?" ಎಂದರು.

"ಮೂಗುತಿ ಅಕ್ಕಾ. ನಿಮಗೆ ಬೇಕಾ?"

"ಥೂ, ಮುಖ ನೋಡು" ಎಂದು ಅಕ್ಕ ನಗುತ್ತಾ ಹೋದರು.

ಅವನು ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ಮೇಸ್ತ್ರಿಗೆ ಹೇಳ್ಬೇಡ ಮಗಾ. ಷೋ ಮುಗೀಲಿ, ಹಾಕ್ಕೋತೀನಿ. ಹದಿನೈದು ಕಿಲೋಮೀಟರಿಗೆ ಏನಾಗತ್ತೆ?"

"ನಿನ್ನಿಷ್ಟ" ಎಂದೆ. ಆ ಮಾತನ್ನು ಹೇಗೆ ಅಂದೆ ಎನ್ನುವುದು ನನಗೆ ನೆನಪಿದೆ. ಅವನು ಬೀಳಲಿ ಎಂದುಕೊಳ್ಳಲಿಲ್ಲ. ಜನರೆದುರು ಆ ಚಕ್ರ ಒಂದಿಷ್ಟು ಓಲಾಡಲಿ, ಆ ಗಾಡಿ ನೋಡಿದವರ ಮುಖ ಒಂದಿಷ್ಟು ಸಪ್ಪಗಾಗಲಿ ಎಂದುಕೊಂಡೆ. ಅಷ್ಟನ್ನು ಖಂಡಿತವಾಗಿ ಬಯಸಿದೆ.

ಮೇಸ್ತ್ರಿ ಬಂದು ಎರಡೂ ಗಾಡಿಗಳ ಚಕ್ರದಡಿ ನಿಂಬೆಹಣ್ಣು ಇಟ್ಟರು. ನಟ್ಟಿನ ಮೇಲಿನ ಹೊಸ ಟೋಪಿ ಅವರ ಕಣ್ಣಿಗೆ ಬೀಳಲಿಲ್ಲ. ಅವನ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ನನ್ನದನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ನಮ್ಮ ಜೊತೆಗೆ ಬರುವ ಮೂರನೆಯವನು ಬಂದ. ಹುಬ್ಬಳ್ಳಿಯ ಕಡೆಯವನು, ವಾರವೆಲ್ಲ ಊಟ ಡೆಲಿವರಿ ಮಾಡುವವನು. "ಏನ್ ಗಾಡಿಲೇ ಇದು! ಮದುವಿ ಕುದ್ರಿ ನಿಂತಂಗ ನಿಂತೈತಿ" ಎಂದು ಗೆಳೆಯನ ಗಾಡಿಯನ್ನು ಒಂದು ಸುತ್ತು ಬಂದ. ಪಿನ್ನಿನ ವಿಷಯ ಅವನಿಗೆ ಗೊತ್ತಿರಲಿಲ್ಲ.

ಸುಮನಹಳ್ಳಿಯ ಸಿಗ್ನಲ್ಲಿನಲ್ಲಿ ನಿಂತಾಗ ನನಗೆ ಹೆದರಿಕೆಯಾಯಿತು. ಹೇಳಿಬಿಡೋಣ, ಪಿನ್ನು ಹಾಕಿಕೋ ಎನ್ನೋಣ ಎಂದು ಹೆಲ್ಮೆಟ್ಟಿನ ಗಾಜು ಎತ್ತಿದೆ. ಪಕ್ಕದ ಬಸ್ಸಿನ ಡ್ರೈವರ್ ಕಿಟಕಿಯಿಂದ ಬಗ್ಗಿ, "ಏನ್ ಗುರು, ಎಲ್ಲಿ ಮಾಡ್ಸಿದ್ದು? ಸಕ್ಕತ್ತಾಗಿದೆ" ಎಂದು ಅವನನ್ನು ಕೇಳಿದ. ಆಮೇಲೆ ನನ್ನ ಗಾಡಿ ತೋರಿಸಿ, "ಇದು ಅದರ ಮರಿಯಾ?" ಎಂದ. ಬಸ್ಸಿನಲ್ಲಿದ್ದವರು ನಕ್ಕರು. ಗಾಜು ಇಳಿಸಿದೆ.

ನಾಯಂಡಹಳ್ಳಿಯಲ್ಲಿ ಇನ್ನೊಂದು ಸಲ ಬಾಯಿ ತೆರೆದೆ. ಅಲ್ಲಿ ಆಟೋದಲ್ಲಿದ್ದ ಇಬ್ಬರು ಹುಡುಗಿಯರು ಅವನ ಗಾಡಿಯ ಫೋಟೋ ತೆಗೆಯುತ್ತಿದ್ದರು. ನಾನು ಅಡ್ಡ ಇದ್ದೆನೆಂದು, "ಅಣ್ಣ, ಸ್ವಲ್ಪ ಹಿಂದೆ ಹೋಗ್ತೀರಾ?" ಎಂದರು. ಹಿಂದೆ ಹೋದೆ.

ಮೈಸೂರು ರಸ್ತೆ ಬಿಟ್ಟು ಕೆಂಗೇರಿ ಉಪನಗರದೊಳಗೆ ತಿರುಗಿದ ಮೇಲೆ, ಮೈದಾನಕ್ಕೆ ಇನ್ನೂರು ಅಡಿ ಇರುವಾಗ ಒಂದು ಹಂಪು ಬರುತ್ತದೆ. ಅವನು ಅದನ್ನು ನಿಧಾನವಾಗಿಯೇ ಹತ್ತಿದ. ಇಳಿಯುವಾಗ ಮುಂದಿನ ಚಕ್ರ ಎಡಕ್ಕೆ ವಾಲಿತು, ಹ್ಯಾಂಡಲ್ ಅವನ ಕೈಯಿಂದ ಕಿತ್ತುಕೊಂಡು ಹೋಯಿತು, ಗಾಡಿ ಅವನ ಬಲಗಾಲಿನ ಮೇಲೆ ಬಿತ್ತು. ನಾನು ಹಿಂದೆ ಮೂರು ಗಾಡಿಯುದ್ದದ ಅಂತರದಲ್ಲಿದ್ದೆ. ಮೊದಲು ಕೇಳಿದ್ದು ತಗಡಿನ ಸದ್ದು. ಅವನು ಕೂಗಿದ್ದು ಆಮೇಲೆ.

ಮಂಡಿಚಿಪ್ಪು ಎರಡಾಗಿತ್ತು. ಆಂಬ್ಯುಲೆನ್ಸಿಗೆ ಕಾಯುತ್ತಾ ಅವನನ್ನು ಫುಟ್‌ಪಾತಿನ ಮೇಲೆ ಮಲಗಿಸಿದ್ದೆವು. ಹಿಂದಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಮೇಸ್ತ್ರಿ ಅಷ್ಟರಲ್ಲಿ ಬಂದು ಮುಟ್ಟಿದರು. ಷೋಗೆ ಬಂದಿದ್ದವರು ಸುತ್ತ ನಿಂತಿದ್ದರು. ಕ್ರೋಮ್ ಟೋಪಿ ಎಲ್ಲೋ ಉರುಳಿಹೋಗಿತ್ತು. ಒಬ್ಬ ಬಗ್ಗಿ ನೋಡಿ, "ಪಿನ್ನೇ ಹಾಕಿಲ್ವಲ್ರೋ! ಯಾರಪ್ಪಾ ಕಟ್ಟಿದ್ದು ಈ ಗಾಡಿ?" ಎಂದ.

ಮೇಸ್ತ್ರಿ ಮಂಡಿಯೂರಿ ಕೂತು, ಸಡಿಲಾಗಿ ತುದಿಗೆ ಬಂದಿದ್ದ ನಟ್ಟನ್ನು ಬೆರಳಿನಿಂದ ಸವರಿದರು. ಹಳದಿ ಚುಕ್ಕೆ ಹುಡುಕಿದರು. ಇರಲಿಲ್ಲ.

"ನಾನೇ" ಎಂದರು.

ಗೆಳೆಯ ನನ್ನ ಮುಖ ನೋಡಿದ. ನಾನು ನಜ್ಜಿಹೋದ ಟ್ಯಾಂಕನ್ನು ನೋಡಿದೆ. ಇಬ್ಬರೂ ಮಾತಾಡಲಿಲ್ಲ. ಅವನ ಸುಮ್ಮನಿರುವಿಕೆಗೆ ನೋವಿನ ನೆಪವಾದರೂ ಇತ್ತು. ನಾನು ಬಾಯಿ ಬಿಟ್ಟಿದ್ದರೆ, ನೋಡಿದ ಮೇಲೂ ಹದಿನೈದು ಕಿಲೋಮೀಟರ್ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತಿತ್ತು. ಅವನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮಧ್ಯಾಹ್ನ ನಾನು ಷೋಗೆ ಹೋದೆ. ನನ್ನ ಗಾಡಿಯನ್ನು ಸಾಲಿನಲ್ಲಿ ನಿಲ್ಲಿಸಿದೆ. ಬಂದವರೆಲ್ಲ ಕೇಳಿದ್ದು ಒಂದೇ: "ಬೆಳಿಗ್ಗೆ ಬಿತ್ತಂತಲ್ಲ, ಆ ಗಾಡಿ ಎಲ್ಲಿ ಸಾರ್?"

ಅದಾದ ಮೇಲೆ ಮೇಸ್ತ್ರಿಯ ಬಳಿ ಯಾರೂ ಗಾಡಿ ಕಟ್ಟಿಸಲಿಲ್ಲ. ಬಂದ ಒಬ್ಬಿಬ್ಬರಿಗೂ ಅವರೇ, "ಚಕ್ರದ ಕೆಲಸ ಬೇರೆ ಕಡೆ ನೋಡ್ಕೊಳ್ಳಿ" ಎಂದು ಹೇಳಿ ಕಳಿಸುತ್ತಿದ್ದರು. ನಾನು ಮೂರು ಸಲ ಹೇಳಲೆಂದೇ ಷೆಡ್ಡಿಗೆ ಹೋದೆ. ಮೂರನೆಯ ಸಲ ಅವರೇ ಮಾತು ತೆಗೆದರು.

"ನಿನ್ನ ಗಾಡೀಲಿ ಪಿನ್ ಇದ್ಯೇನಪ್ಪಾ? ನೋಡ್ದ್ಯಾ?"

"ಇದೆ ಮೇಸ್ತ್ರಿ."

"ನಿಂದಕ್ಕೆ ಹಾಕಿದೀನಿ. ಅವನದಕ್ಕೆ ಯಾಕೆ ಮರೆತೆ? ಅಷ್ಟು ಆಸೆಯಿಂದ ಕಟ್ಟಿದ ಗಾಡಿ ಕಣಪ್ಪಾ ಅದು. ಮಡಚಿದ ಹಾಗೆ ಕೈಗೆ ನೆನಪಿದೆ. ಕಣ್ಣಲ್ಲಿ ನೋಡಿದ್ರೆ ಇಲ್ಲ. ಇನ್ನು ನನ್ನ ಕೈ ಮಾತು ನಾನೇ ಹೆಂಗೆ ನಂಬಲಿ?"

ಅವರ ನೋವು ನನಗೆ ತಿಳಿಯಿತು. ಅದಕ್ಕಿಂತ ಮೊದಲು ನಾಟಿದ್ದು 'ಅಷ್ಟು ಆಸೆಯಿಂದ' ಎಂಬ ಮಾತು. ಟೀ ಕುಡಿದು ಎದ್ದು ಬಂದೆ. ಮುಂದಿನ ಶ್ರಾವಣದಲ್ಲಿ ಮೇಸ್ತ್ರಿ ತೀರಿಕೊಂಡರು.

ಅವರ ಕೈ ಮರೆತಿರಲಿಲ್ಲ. ಪಿನ್ನು ಹಾಕಿದ್ದರು, ತುದಿ ಮಡಚಿದ್ದರು, ಚುಕ್ಕೆ ಇಟ್ಟಿದ್ದರು. ಅದನ್ನು ಕಿತ್ತದ್ದನ್ನು ಕಂಡವರು ನಾನಲ್ಲದೆ ಇನ್ನಿಬ್ಬರಿದ್ದಾರೆ, ಇಬ್ಬರೂ ಬದುಕಿದ್ದಾರೆ. ಕಿತ್ತ ಗೆಳೆಯ ಬಸವೇಶ್ವರನಗರದಲ್ಲಿದ್ದಾನೆ. ಈಗ ಕಾರು ಓಡಿಸುತ್ತಾನೆ, ಬಲಗಾಲು ಪೂರ್ತಿ ಮಡಚಲು ಬರುವುದಿಲ್ಲ. ಟೀ ಅಂಗಡಿಯ ಅಕ್ಕ ಹೆಗ್ಗನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ತಾವು ಕಂಡದ್ದು ಏನೆಂದು ಅವರಿಗೆ ಯಾರೂ ಹೇಳಿಲ್ಲ.